ಅಂಗಡಿಯ ಹಿಂದಿನ ಶಾಲೆ
(ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಏನಿರುತ್ತದೆಂದು ಇಲ್ಲಿರುವ ವ್ಯಾಪಾರಿ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಜಾನ್ಸ್ ದ್ವೀಪದಲ್ಲಿ, 1957ರ ಜನವರಿಯಲ್ಲಿ, ಅಂಥದೊಂದು ಕೋಣೆಯಲ್ಲಿ ಶಾಲೆ ಶುರುವಾಯಿತು. ಮುಂದೆ ಸಹಕಾರಿ ಅಂಗಡಿ. ಬಿಳಿಯರ ಕಣ್ಣಿಗೆ ಬೀಳಬಾರದೆಂದು ಶಾಲೆ ಹಿಂದೆ. ಅದರ ಬೆನ್ನಿಗೆ ನಿಂತ ಕರಿಯ ಉಪಾಧ್ಯಾಯಿನಿ ಸೆಪ್ಟಿಮಾ ಕ್ಲಾರ್ಕ್.

ಆಕೆ 1898ರಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಹುಟ್ಟಿದರು. ತಂದೆ ಗುಲಾಮಗಿರಿಯಲ್ಲಿ ಹುಟ್ಟಿದವರು, ತಾಯಿ ಬಟ್ಟೆ ಒಗೆದು ಸಂಸಾರ ತೂಗಿಸಿದವರು. ನಗರದ ಸರಕಾರಿ ಶಾಲೆಗಳಲ್ಲಿ ಕರಿಯ ಉಪಾಧ್ಯಾಯರಿಗೆ ಆಗ ಕೆಲಸವಿರಲಿಲ್ಲ. ಆದ್ದರಿಂದ 1916ರಲ್ಲಿ ಈ ದ್ವೀಪಕ್ಕೆ ಬಂದರು. ಇಬ್ಬರು ಉಪಾಧ್ಯಾಯಿನಿಯರು, 132 ಮಕ್ಕಳು. ಆಕೆಯ ಸಂಬಳ ತಿಂಗಳಿಗೆ 35 ಡಾಲರು. ರಸ್ತೆಯಾಚೆ ಬಿಳಿಯರ ಶಾಲೆಯಲ್ಲಿ ಮಕ್ಕಳು ಮೂವರು, ಉಪಾಧ್ಯಾಯಿನಿಗೆ 85 ಡಾಲರು! ಕೂಲಿಯ ಲೆಕ್ಕ ಬಲ್ಲ ನಿಮಗೆ ಹೆಚ್ಚು ಬಿಡಿಸಿ ಹೇಳಬೇಕೆ?

1956ರಲ್ಲಿ ರಾಜ್ಯ ಸರಕಾರ ಒಂದು ಕಾನೂನು ತಂದಿತು: ಕರಿಯರ ಹಕ್ಕಿಗೆ ಹೋರಾಡುವ ಎನ್‌ಎಎಸಿಪಿ ಸಂಘದ ಸದಸ್ಯರಿಗೆ ಸರಕಾರಿ ನೌಕರಿಯಿಲ್ಲ. ಸದಸ್ಯತ್ವ ಮುಚ್ಚಿಟ್ಟಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತೋ ಏನೋ. ಮುಚ್ಚಿಡಲಿಲ್ಲ. 40 ವರ್ಷದ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಸಂಘದ ಚೀಟಿ ಜೇಬಿನಲ್ಲಿದ್ದ ತಪ್ಪಿಗೆ ಗಿರಣಿಯ ಗೇಟಿನಿಂದಾಚೆ ಬಿದ್ದವರಿಗೆ ಇದರ ಉರಿ ಗೊತ್ತು.

ಆಕೆಯನ್ನು ಕರೆದುಕೊಂಡದ್ದು ಟೆನೆಸಿಯ ಹೈಲ್ಯಾಂಡರ್ ಶಾಲೆ. ಕಾರ್ಮಿಕ ಸಂಘಟಕರನ್ನು ತಯಾರು ಮಾಡುತ್ತಿದ್ದ ಶಾಲೆ ಅದು. ಕರಿಯರೂ ಬಿಳಿಯರೂ ಅಲ್ಲಿ ಸಹಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಆ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ದ್ವೀಪದ ಶಾಲೆಗೆ ಬರೋಣ. ಓಟು ಬೇಕೆಂದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಕೂಲಿಗಳನ್ನು ನಗರಕ್ಕೆ ಕರೆದೊಯ್ಯುತ್ತಿದ್ದ ಬಸ್ಸಿನ ಈಸಾ ಜೆಂಕಿನ್ಸ್ ದಾರಿಯಲ್ಲೇ ಪಾಠ ಹೇಳುತ್ತಿದ್ದರು, ಆದರೆ ಬಸ್ಸಿನ ಪಾಠ ಎಷ್ಟು ದೂರ ಹೋದೀತು? ಕ್ಲಾರ್ಕ್ ಹೊಸ ಶಾಲೆಗೆ ಪಾಠ ಹೇಳಲು ಪದವೀಧರರನ್ನು ಹುಡುಕಲಿಲ್ಲ. ಹೆಂಗಸರ ತಲೆಗೂದಲು ಒಪ್ಪ ಮಾಡುವ ಕಸುಬಿನ ಬರ್ನಿಸ್ ರಾಬಿನ್ಸನ್‌ರನ್ನು ಒಪ್ಪಿಸಿದರು. ಆಕೆಯ ಗಿರಾಕಿಗಳೆಲ್ಲ ಕರಿಯರೇ. ಯಾವ ಬಿಳಿಯ ಧಣಿಯೂ ಆಕೆಯ ಅನ್ನ ಕಸಿಯಲಾರ. ಈ ಯುಕ್ತಿಯನ್ನು ನಾನು ಬಹಳ ಮೆಚ್ಚುತ್ತೇನೆ.

ಮೊದಲ ದಿನ 14 ಜನ ದೊಡ್ಡವರು ಬಂದರು. ಏನು ಕಲಿಯಬೇಕೆಂದು ರಾಬಿನ್ಸನ್ ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಮನಿಯಾರ್ಡರ್ ತುಂಬಬೇಕು, ಬೈಬಲ್ ಓದಬೇಕು ಎಂದರು. ಅದೇ ಪಾಠವಾಯಿತು. ರಟ್ಟಿನ ಮೇಲೆ ಬರೆದ ಹೆಸರನ್ನು, ಕೈ ಪಳಗುವ ತನಕ, ಮತ್ತೆ ಮತ್ತೆ ತಿದ್ದಿದರು. ನೇಗಿಲು ಹಿಡಿದ ಕೈಗೆ ಪೆನ್ಸಿಲು ಮುರಿಯದಂತೆ ಹಿಡಿಯುವುದೇ ಒಂದು ಪಾಠ. ಆಮೇಲೆ ಸಂವಿಧಾನ.

1961ರಲ್ಲಿ ಈ ಕಾರ್ಯ ಮಾರ್ಟಿನ್ ಲೂಥರ್ ಕಿಂಗರ ಸಂಸ್ಥೆಗೆ ಬಂತು. ದಕ್ಷಿಣದ ರಾಜ್ಯಗಳಲ್ಲೆಲ್ಲ ಇಂಥ ಶಾಲೆಗಳೆದ್ದವು. ಪ್ರತಿ ಮೆರವಣಿಗೆಗೂ ನೀವೇ ಮುಂದಾಳಾಗಬೇಡಿ, ಊರೂರಿನವರನ್ನು ಮುಂದೆ ಬಿಡಿ ಎಂದು ಕ್ಲಾರ್ಕ್ ಕಿಂಗರಿಗೆ ಕಾಗದ ಬರೆದರು. ಅದನ್ನು ಕಚೇರಿಯಲ್ಲಿ ಓದಿದಾಗ ಎಲ್ಲರೂ ನಕ್ಕರಂತೆ. ಹೆಂಗಸಿನ ಮಾತೆಂದರೆ ನಗುವ ಗಂಡಸರು ನಮ್ಮ ಚಳವಳಿಗಳಲ್ಲೂ ಕಡಮೆಯಿಲ್ಲ.

1975ರಲ್ಲಿ ಚಾರ್ಲ್ಸ್‌ಟನ್ನಿನ ಮತದಾರರು ಆಕೆಯನ್ನು ಶಾಲಾ ಮಂಡಳಿಗೆ ಆರಿಸಿದರು. ಕಳೆದುಹೋಗಿದ್ದ ಪಿಂಚಣಿಯನ್ನು ರಾಜ್ಯ ಮರಳಿ ಕೊಡಮಾಡಿದ್ದು 1976ರಲ್ಲಿ, ಆಕೆಗೆ 78 ವರ್ಷವಾದಾಗ.