ತೆರೆಯ ಮೇಲಣ ಯಾತ್ರೆ



ಅಮೃತಸರದ ಜಲಿಯನ್‌ವಾಲಾ ಬಾಗಿನ ಗೋಡೆಗಳಲ್ಲಿ 1919ರ ಗುಂಡಿನ ಗುರುತುಗಳು ಇಂದಿಗೂ ಉಳಿದಿವೆ. ಆಳಂದ, ಅಫಜಲಪುರ, ಜೇವರ್ಗಿಗಳ ಬಡಮಕ್ಕಳು ಅಷ್ಟು ದೂರ ಹೋಗಲಾರರು. ಆದರೆ ನಾಲ್ದೆಸೆಗೂ ತಿರುಗಿಸಿ ನೋಡಬಹುದಾದ ಚಿತ್ರಗಳಿಂದ ಶಾಲೆಯ ತೆರೆಯ ಮೇಲೆಯೇ ಅವನ್ನು ಕಾಣಬಲ್ಲರು. ಇದು ದೊಡ್ಡ ಉಪಕಾರವು.

ಇದೇ ಸಾಧನದಿಂದ ನಮ್ಮ ನಾಡಿನ ದುಃಖವನ್ನೂ ತೋರಿಸಬೇಕು. ನಿಜಾಮರ ಸಂಸ್ಥಾನದಲ್ಲಿದ್ದ ಈ ಸೀಮೆಯ ಜನರು 1947-48ರಲ್ಲಿ ರಜಾಕಾರರ ಹಾವಳಿಯಿಂದ ನೊಂದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನೆತ್ತರು ಹರಿಯಿತು. ಸಪ್ಟೆಂಬರ 17ರಂದು ನಿಜಾಮರು ಶರಣಾದರು. ದುಃಖವು ಅಲ್ಲಿಗೆ ತೀರಲಿಲ್ಲ. ಬಳಿಕ ನಡೆದ ಪ್ರತೀಕಾರದಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಹತರಾದರು. ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ ಸತ್ತವರನ್ನು 27,000ದಿಂದ 40,000ದವರೆಗೆ ಅಂದಾಜಿಸಿ, ಗುಲಬರ್ಗಾ, ಬೀದರಗಳನ್ನು ಅತ್ಯಂತ ನೊಂದ ನಾಲ್ಕು ಜಿಲ್ಲೆಗಳಲ್ಲಿ ಎಣಿಸಿತು.

ಉಪಾಧ್ಯಾಯರು ಗೋರ್ಟಾದ ಸ್ಮಾರಕವನ್ನು ತೋರಿಸಲಿ. ಆ ವರದಿಯ ಮಾತುಗಳನ್ನೂ ಓದಿಸಲಿ. ಒಂದನ್ನೇ ತೋರಿದರೆ ಸೇಡು ಬೆಳೆದೀತು. ಬಳಿಕ ತೆರೆಯನ್ನು ಆರಿಸಿ, ಉಭಯ ಮತದ ಮನೆಗಳ ವೃದ್ಧರ ಬಳಿಗೆ ಮಕ್ಕಳನ್ನು ಕಳುಹಿಸಲಿ; ಕಣ್ಣಾರೆ ಕಂಡವರು ವಿರಳರಾಗುತ್ತಿದ್ದಾರೆ. ಅವರ ಮಾತನ್ನು ಮಕ್ಕಳು ಬರೆದಿಡಲಿ.

ಪರರ ನೋವಿಗೆ ಮರುಗುವ ಮನಸ್ಸು ನಮ್ಮ ಮಕ್ಕಳಲ್ಲಿ ಮೂಡಲೆಂದು ಪ್ರಾರ್ಥಿಸಿ ವಿರಮಿಸುವೆನು.