ಖುಲಾಸೆಯ ಮೇಲೂ ಉಳಿಯುವ ಸಾಲು



ಇಲ್ಲಿ ಇಂಗ್ಲೆಂಡಿನಲ್ಲಿ ಪೊಲೀಸರು ಹಿಡಿದು, ವಿಚಾರಿಸಿ, ಬಿಟ್ಟುಕಳಿಸಿದ ಮೇಲೆ ನಮ್ಮ ಕನ್ನಡದವರು ವಕೀಲರ ಬಳಿ ಮೊದಲು ಕೇಳುವುದು ಇದನ್ನೇ: "ಸಾರ್, ಇದನ್ನ ಕೋರ್ಟಲ್ಲಿ ಕ್ವಾಷ್ ಮಾಡಿಸಬಹುದಾ?" ಭಾರತದಲ್ಲಿ ಅದಕ್ಕೆ ಹೈಕೋರ್ಟ್ ಇದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 528. ಇಲ್ಲಿ ಬಂಧನದ ದಾಖಲೆ ಅಳಿಸಿ ಎಂದು ಆದೇಶಿಸುವ ಅಧಿಕಾರ ನಿಮ್ಮೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿಗಿಲ್ಲ. ಅರ್ಜಿ ಆಕ್ರೋ ಎಂಬ ಅಪರಾಧ ದಾಖಲೆಗಳ ಕಚೇರಿಯ ಮೂಲಕ ಹೋಗಿ ಸೇರುವುದು, ಬಂಧಿಸಿದ ಪೊಲೀಸ್ ಪಡೆಯ ಮುಖ್ಯಸ್ಥರ ಮೇಜಿಗೇ. ಬರೆದವರೇ ಅಳಿಸಬೇಕೋ ಬೇಡವೋ ನಿರ್ಧರಿಸುತ್ತಾರೆ. ಅವರು ಒಪ್ಪದಿದ್ದರೆ ಆ ಸಾಲು ಮನುಷ್ಯನಿಗೆ 100 ವರ್ಷ ತುಂಬುವವರೆಗೂ ರಾಷ್ಟ್ರೀಯ ಪೊಲೀಸ್ ಕಂಪ್ಯೂಟರಿನಲ್ಲಿ ಕೂತಿರುತ್ತದೆ.

ಇಂಥ ದಾಖಲೆ ಅಳಿಸಿಕೊಳ್ಳುವ ಹೋರಾಟದ ಬೇರು ಉತ್ತರ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದೆ. 2001ರ ಜನವರಿಯಲ್ಲಿ ಅಲ್ಲಿ 11 ವರ್ಷದ ಹುಡುಗನೊಬ್ಬನನ್ನು ದರೋಡೆಗೆ ಯತ್ನಿಸಿದ ಆರೋಪದ ಮೇಲೆ ಹಿಡಿದರು, ಜೂನ್‌ನಲ್ಲಿ ಖುಲಾಸೆಯಾಯಿತು. ಅದೇ ವರ್ಷ ಮೈಕೆಲ್ ಮಾರ್ಪರ್ ಎಂಬವರ ಮೇಲಿನ ಕೇಸೂ ಬಿದ್ದುಹೋಯಿತು. ಇಬ್ಬರೂ ಬೆರಳಚ್ಚು, ಡಿಎನ್‌ಎ ಅಳಿಸಿ ಎಂದು ಕೇಳಿದರು. ದೇಶದೊಳಗಿನ ಕೋರ್ಟುಗಳೆಲ್ಲ ಕೈಚೆಲ್ಲಿದವು. ಕೊನೆಗೆ 2008ರ ಡಿಸೆಂಬರ್ 4ರಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದ 17 ನ್ಯಾಯಾಧೀಶರು ಒಮ್ಮತದಿಂದ ಅವರ ಪರ ನಿಂತರು. ಅದರ ಫಲವೇ 2012ರ ಸ್ವಾತಂತ್ರ್ಯಗಳ ರಕ್ಷಣಾ ಕಾಯ್ದೆ. ಆದರೆ ಶಿಕ್ಷೆಯಾಗದವರ ವಿಷಯದಲ್ಲಿ ಆ ಕಾಯ್ದೆ ಮುಖ್ಯವಾಗಿ ಮುಟ್ಟಿದ್ದು ಬೆರಳಚ್ಚು, ಡಿಎನ್‌ಎಗಳನ್ನು. ಬಂಧನವಾಗಿತ್ತು ಎಂಬ ಬರಹ ಹಾಗೇ ಉಳಿಯಿತು.

ಅದೇ ಕಾಯ್ದೆಯಲ್ಲಿ ಒಂದು ಏರ್ಪಾಡಿದೆ, ನನಗೆ ಅದು ಈಗಲೂ ನುಂಗಲಾರದ ತುತ್ತು. ಗಂಭೀರ ಅಪರಾಧದ ಆರೋಪ ಹೊತ್ತು ಶಿಕ್ಷೆಯಾಗದವರ ಡಿಎನ್‌ಎಯನ್ನು ಮೂರು ವರ್ಷ ಇಟ್ಟುಕೊಳ್ಳಬಹುದು. ಇನ್ನೂ ಎರಡು ವರ್ಷ ಬೇಕೆಂದರೆ ಪೊಲೀಸರು ಮ್ಯಾಜಿಸ್ಟ್ರೇಟ್ ಕೋರ್ಟಿನ ಜಿಲ್ಲಾ ನ್ಯಾಯಾಧೀಶರನ್ನು ಕೇಳಬಹುದು. ಅಂದರೆ ಇಟ್ಟುಕೊಳ್ಳಲು ಸ್ಥಳೀಯ ಕೋರ್ಟಿನ ಬಾಗಿಲು ತೆರೆದಿದೆ, ದಾಖಲೆ ಅಳಿಸಿಕೊಳ್ಳಲು ತೆರೆದಿಲ್ಲ.

ದಾಖಲೆ ಹೀಗೆ ಉಳಿಯುವುದರಿಂದ ಏನಾಗುತ್ತದೆ? ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರ ವ್ಯಾಪ್ತಿಯ ಒಂದು ಪ್ರಕರಣ ನೋಡಿ. ತೀರ್ಪಿನಲ್ಲಿ ಆರೋಪ ಹೊತ್ತವರನ್ನು 'ಎಆರ್' ಎಂದಷ್ಟೇ ಕರೆದಿದ್ದಾರೆ. ಶಿಕ್ಷಕರಾಗಿ ಅರ್ಹತೆ ಪಡೆದು ಟ್ಯಾಕ್ಸಿ ಓಡಿಸುತ್ತಿದ್ದವರು. ಅತ್ಯಾಚಾರದ ಆರೋಪದಿಂದ 2011ರ ಜನವರಿಯಲ್ಲಿ ಕ್ರೌನ್ ಕೋರ್ಟಿನಲ್ಲಿ ಖುಲಾಸೆಯಾದರು. ಎರಡೇ ತಿಂಗಳಲ್ಲಿ ಉಪನ್ಯಾಸಕ ಹುದ್ದೆಗೆಂದು ತರಿಸಿದ ಅಪರಾಧ ದಾಖಲೆಯ ವಿಸ್ತೃತ ಪ್ರಮಾಣಪತ್ರದಲ್ಲಿ ಆರೋಪ, ವಿಚಾರಣೆ, ಖುಲಾಸೆ ಎಲ್ಲವೂ ಅಚ್ಚಾಗಿ ಬಂತು. ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಿ 2018ರಲ್ಲಿ ಸೋತರು. ಇಂಥ ಮಾಹಿತಿಯನ್ನು ಕೆಲಸ ಕೊಡುವವರು ಹೇಗೆ ತೂಗುತ್ತಾರೆಂಬ ಬಗ್ಗೆ ತೀರ್ಪು ಬರೆದ ನ್ಯಾಯಮೂರ್ತಿ ಕಾರ್ನ್‌ವಾತ್ ಅವರೇ ಕಳವಳಪಟ್ಟರು. ಇಲ್ಲಿನ ನಮ್ಮವರಲ್ಲಿ ಎಷ್ಟೋ ಜನ ಆಸ್ಪತ್ರೆಯಲ್ಲಿ, ಆರೈಕೆ ಮನೆಗಳಲ್ಲಿ, ಶಾಲೆಗಳಲ್ಲಿ ದುಡಿಯುವವರು. ಅವರ ಅನ್ನಕ್ಕೆ ಬೇಕಾದ ಕಾಗದವೂ ಈ ಪ್ರಮಾಣಪತ್ರವೇ.

ದಾಖಲೆ ಉಳಿಯಬೇಕೆನ್ನುವ ಪೊಲೀಸರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಇಯನ್ ಹಂಟ್ಲಿಯ ಮೇಲೆ ಗ್ರಿಮ್ಸ್‌ಬಿಯಲ್ಲಿ ಹಿಂದೆ ಹಲವು ಆರೋಪಗಳು ಬಂದಿದ್ದವು. ಹಂಬರ್‌ಸೈಡ್ ಪೊಲೀಸರ ಬಳಿ ಆ ಮಾಹಿತಿ ಸರಿಯಾಗಿ ಉಳಿದಿರಲಿಲ್ಲ. ಅವನು ಸೋಹಮ್‌ನ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ. 2002ರ ಆಗಸ್ಟ್‌ನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದ. ಆ ಮನೆಗಳ ನೋವನ್ನು ಮರೆತು ಈ ಚರ್ಚೆ ನಡೆಸುವ ಹಕ್ಕು ನಮಗಿಲ್ಲ. ಹಾಗೆಂದೇ ನಾನು ಕೇಳುತ್ತಿರುವುದು ಎಲ್ಲವನ್ನೂ ಅಳಿಸಿ ಎಂದಲ್ಲ. ಅಳಿಸಬೇಕೋ ಬೇಡವೋ ಎಂಬುದನ್ನು ಎರಡೂ ಕಡೆಯವರ ಮಾತು ಕೇಳಿ, ಕಾರಣ ಬರೆದು ಹೇಳುವ ನ್ಯಾಯಾಧೀಶರೊಬ್ಬರು ಪ್ರತಿ ಊರಿನಲ್ಲೂ ಇರಲಿ ಎಂದು.

ಆ ಕಾನೂನು ಬರುವವರೆಗೆ ನಮ್ಮ ಕೈಯಲ್ಲಿ ಒಂದು ಚಿಕ್ಕ ದಾರಿಯಿದೆ. ದಾಖಲೆ ಅಳಿಸಲು ಒಪ್ಪಿಕೊಂಡ ಕಾರಣಗಳ ಪಟ್ಟಿಯಲ್ಲಿ ಸುಳ್ಳು ದೂರಿನ ಜೊತೆಗೆ ನ್ಯಾಯಾಧೀಶರ ಶಿಫಾರಸೂ ಸೇರಿದೆ. ಅದು ಆದೇಶವಲ್ಲ, ಆದರೂ ಅರ್ಜಿಗೆ ಬಲ. ಕೇಸು ಗೆದ್ದ ಖುಷಿಯಲ್ಲಿ ನಾವು ಅದನ್ನು ಕೇಳುವುದನ್ನೇ ಮರೆಯುತ್ತೇವೆ. ವಕೀಲ ಮಿತ್ರರೇ, ಮುಂದಿನ ಸಲ ನಿಮ್ಮ ಕಕ್ಷಿದಾರರು ಖುಲಾಸೆಯಾದಾಗ, ನ್ಯಾಯಾಧೀಶರು ಪೀಠದಿಂದ ಏಳುವ ಮುಂಚೆ ಇನ್ನೊಮ್ಮೆ ಎದ್ದು ನಿಂತು, ಆ ಶಿಫಾರಸನ್ನು ಕೇಳಿ.