ಯಾವ ದೇಶ, ಯಾವ ತಿಂಗಳು?

ಕೊಲ್ಲಿ ದೇಶಗಳ ಮಾತು ಈ ಮಾಲೆಯಲ್ಲಿ ಯಾವಾಗ ಬಂದರೂ ಕೇಳುಗರ ಪತ್ರಗಳು ಒಂದೇ ಆತಂಕವನ್ನು ಹೊತ್ತು ಬರುತ್ತವೆ. ಮಗನಿಗೆ ಮಸ್ಕತ್‌ನಲ್ಲಿ ಕೆಲಸವಾಗಿದೆ, ಮಗಳು ನರ್ಸ್ ಆಗಿ ಕುವೈತ್‌ಗೆ ಹೊರಟಿದ್ದಾಳೆ, ಅಳಿಯ ದಮ್ಮಾಮ್‌ನಲ್ಲಿದ್ದಾನೆ. ಅಲ್ಲಿ ಮನೆಯೊಳಗೆ ದೀಪ ಹಚ್ಚಬಹುದೇ? ಉಪವಾಸದ ತಿಂಗಳಲ್ಲಿ ನಮ್ಮವರಿಗೆ ಹಗಲು ಒಂದು ತುತ್ತು ಸಿಕ್ಕೀತೇ? ಹಬ್ಬದ ರಜೆ ಎಂದು ಸಿಗುತ್ತದೆಂದು ಮೊದಲೇ ಯಾಕೆ ಹೇಳುವುದಿಲ್ಲ?

ಆತಂಕ ಸಹಜವಾದದ್ದು. ಹೆತ್ತವರು ಕೇಳದೆ ಇನ್ಯಾರು ಕೇಳಬೇಕು? ಆದರೆ ಆರು ದೇಶಗಳಿಗೂ ಹೊಂದುವ ಒಂದು ಉತ್ತರ ಯಾರ ಬಳಿಯೂ ಇಲ್ಲ. ಇದೆಯೆಂದು ಹೇಳುವವರನ್ನು ನಂಬಬಾರದು. ಸೌದಿ ಅರೇಬಿಯಾ, ಎಮಿರೇಟ್ಸ್, ಕುವೈತ್, ಕತಾರ್, ಬಹರೈನ್, ಒಮಾನ್ 1981ರಲ್ಲಿ ಸೇರಿ ಒಂದು ಸಹಕಾರ ಮಂಡಳಿ ಕಟ್ಟಿಕೊಂಡವು, ನಿಜ. ಆದರೆ ಅವುಗಳಲ್ಲಿ ವಾರದ ರಜೆಯೇ ಒಂದಾಗಿಲ್ಲ. ಎಮಿರೇಟ್ಸ್‌ನ ಸರ್ಕಾರಿ ಕಚೇರಿಗಳಿಗೆ 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆ. ಶುಕ್ರವಾರ ಅರ್ಧ ದಿನ ಕೆಲಸ. ಅದೇ ಎಮಿರೇಟ್ಸ್‌ನ ಶಾರ್ಜಾದಲ್ಲಿ ಶುಕ್ರ, ಶನಿ, ಭಾನು ಮೂರೂ ದಿನ ರಜೆ. ಉಳಿದ ದೇಶಗಳಲ್ಲಿ ಶುಕ್ರ ಮತ್ತು ಶನಿ. ದುಬೈನ ಹೋಟೆಲಿನಲ್ಲಿ ಮದ್ಯ ಸಿಗುತ್ತದೆ. ಪಕ್ಕದ ಶಾರ್ಜಾದಲ್ಲಿ ಅದು ನಿಷಿದ್ಧ. ಎರಡೂ ಊರು ಒಂದಕ್ಕೊಂದು ಅಂಟಿಕೊಂಡಿವೆ, ದಿನವೂ ಸಾವಿರಾರು ಜನ ಇಲ್ಲಿಂದ ಅಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಒಂದು ದೇಶದೊಳಗೇ ಇಷ್ಟು ವ್ಯತ್ಯಾಸವಿರುವಾಗ ಇಡೀ ಕೊಲ್ಲಿಗೆ ಒಂದೇ ಕಟ್ಟಳೆ ಎಲ್ಲಿಂದ ಬರಬೇಕು?

ಅಲ್ಲಿರುವವರೆಲ್ಲ ಒಂದೇ ಜನ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಒಮಾನ್ ಒಂದನ್ನೇ ನೋಡಿದರೂ ಸಾಕು, ಅದು ಕರಗುತ್ತದೆ. ನಿಜ್ವಾದಂಥ ಒಳನಾಡಿನ ಊರುಗಳಲ್ಲಿ ಇಬಾದಿ ಪಂಥದವರು ಹೆಚ್ಚು. ಅವರು ಸುನ್ನಿಗಳೂ ಅಲ್ಲ, ಶಿಯಾಗಳೂ ಅಲ್ಲ. ಮಸ್ಕತ್‌ಗೆ ಹೊಂದಿಕೊಂಡ ಮುತ್ರಾ ಬಂದರಿನ ದಡದಲ್ಲಿ ಕೋಟೆಯಂಥ ಗೋಡೆಯೊಳಗೆ ಲವಾತಿಯಾ ಎಂಬ ಶಿಯಾ ವ್ಯಾಪಾರಿಗಳ ಹಳೆಯ ಕೇರಿಯಿದೆ. ಅವರ ಮನೆಮಾತು ಸಿಂಧಿ, ಕಚ್ಛಿಗಳ ಬಳಗದ್ದು. ಬಲೂಚಿ ಮಾತಾಡುವವರು ಮಕ್ರಾನ್ ತೀರದಿಂದ ಬಂದವರು. ಈಗ ಪಾಕಿಸ್ತಾನದಲ್ಲಿರುವ ಗ್ವಾದರ್ ಬಂದರು 1958ರವರೆಗೆ ಒಮಾನಿನ ಸುಲ್ತಾನರದೇ ಆಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಸುಲ್ತಾನ ಸಯೀದ್ ತನ್ನ ರಾಜಧಾನಿಯನ್ನೇ ಆಫ್ರಿಕಾದ ಝಾಂಜಿಬಾರ್‌ಗೆ ಒಯ್ದಿದ್ದ. 1964ರ ಕ್ರಾಂತಿಯ ನಂತರ ಅಲ್ಲಿಂದ ಮರಳಿದ ಕುಟುಂಬಗಳ ಅಡುಗೆಮನೆಯಲ್ಲಿ ಇಂದಿಗೂ ಸ್ವಾಹಿಲಿ ಕೇಳಿಸುತ್ತದೆ.

ದಕ್ಷಿಣದ ಧೋಫಾರ್‌ಗೆ ಹೋದರೆ ಇನ್ನೊಂದೇ ಲೋಕ. ಅಲ್ಲಿ ಶೆಹ್ರಿ, ಮೆಹ್ರಿ ಎಂಬ ನುಡಿಗಳಿವೆ. ಅರಬ್ಬಿಗೆ ಅವು ದಾಯಾದಿಗಳು, ಆದರೂ ಮಸ್ಕತ್‌ನ ಅರಬ್ಬನಿಗೆ ಒಂದು ವಾಕ್ಯವೂ ತಿಳಿಯದು. ನಮ್ಮ ಕರಾವಳಿಗೆ ಮಳೆ ತರುವ ಮುಂಗಾರಿನ ಒಂದು ಸೆರಗು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಲಾಲಾದ ಬೆಟ್ಟಗಳ ಮೇಲೂ ಹಾಯುತ್ತದೆ. ಮರಳುಗಾಡಿನ ಅಂಚಿನಲ್ಲಿ ಹಸಿರು, ಮಂಜು, ಜಿನುಗು ಮಳೆ, ತೆಂಗಿನ ತೋಟ. ರಸ್ತೆಬದಿಯಲ್ಲಿ ಎಳನೀರು ಕೆತ್ತಿ ಕೊಡುತ್ತಾರೆ. ಉಡುಪಿ ಕಡೆಯ ಒಬ್ಬರು ಅಲ್ಲಿ ಈ ಭಾಷಣಕಾರನೊಡನೆ ಎಳನೀರು ಕುಡಿಯುತ್ತ ಬಹಳ ಹೊತ್ತು ಮಾತೇ ಆಡಲಿಲ್ಲ.

ನಂಟು ಮುಂಗಾರಿನದಷ್ಟೇ ಅಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು, ಮೈಸೂರು ಸರ್ಕಾರದ ವ್ಯಾಪಾರದ ಕೋಠಿ ಅಲ್ಲಿತ್ತು. ಕೊಲ್ಲಿಯ ಪೇಟೆಗಳಲ್ಲಿ ಬಹುಕಾಲ ನಮ್ಮ ರೂಪಾಯಿಯೇ ನಡೆಯಿತು. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರದೇಶಕ್ಕೆಂದೇ ಬೇರೆ ನೋಟು ಅಚ್ಚು ಹಾಕಿಸಿತು. ಒಮಾನ್‌ನಲ್ಲಿ ಅದು 1970ರವರೆಗೆ ಚಲಾವಣೆಯಲ್ಲಿತ್ತು. ಕಚ್ಛದಿಂದ ಹೋದ ವ್ಯಾಪಾರಿ ಮನೆತನದ ಕನಕ್ಸಿ ಖಿಮ್ಜಿ ಅವರಿಗೆ ಸುಲ್ತಾನ್ ಕಾಬೂಸ್ ‘ಶೇಖ್’ ಪದವಿ ಕೊಟ್ಟರು. ಹಿಂದೂವಾಗಿಯೇ ಶೇಖ್ ಎನಿಸಿಕೊಂಡು ಬಾಳಿ ಅವರು 2021ರಲ್ಲಿ ತೀರಿಕೊಂಡರು.

ದೀಪದ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡಬೇಕು. ಮಸ್ಕತ್‌ನಲ್ಲಿ ಹಳೆಯ ಶಿವಾಲಯವಿದೆ, ಕೃಷ್ಣನ ಗುಡಿಯಿದೆ. ಬಹರೈನ್‌ನ ಮನಾಮಾದಲ್ಲಿ ಸಿಂಧಿ ವ್ಯಾಪಾರಿಗಳು ಕಟ್ಟಿದ ಶ್ರೀನಾಥಜಿ ದೇವಾಲಯಕ್ಕೆ ಇನ್ನೂರು ವರ್ಷ ದಾಟಿದೆ. ಅಬುಧಾಬಿಯಲ್ಲಿ 2024ರ ಫೆಬ್ರುವರಿಯಲ್ಲಿ ಕಲ್ಲಿನ ದೊಡ್ಡ ಮಂದಿರ ಬಾಗಿಲು ತೆರೆಯಿತು. ಸೌದಿಯಲ್ಲಿ ಇಂಥದ್ದು ಯಾವುದೂ ಇಲ್ಲ. ಬಹಿರಂಗ ಪೂಜೆಗೆ ಅಲ್ಲಿ ಅವಕಾಶವಿಲ್ಲ, ಮನೆಯ ನಾಲ್ಕು ಗೋಡೆಯೊಳಗಿನ ಪ್ರಾರ್ಥನೆಗೆ ಅಡ್ಡಿ ಮಾಡುವುದಿಲ್ಲ ಎಂಬುದು ಸರ್ಕಾರ ಹೇಳಿಕೊಂಡಿರುವ ನಿಲುವು. ದಮ್ಮಾಮ್‌ನಲ್ಲಿರುವ ಅಳಿಯ ಕೋಣೆಯೊಳಗೆ ದೀಪ ಹಚ್ಚಲಿ, ವರಾಂಡಕ್ಕೆ ತರುವುದು ಬೇಡ. ಮಸ್ಕತ್‌ನ ಮಗ ಗುಡಿಗೇ ಹೋಗಿಬರಲಿ.

ಇನ್ನು ತಿಂಗಳ ವಿಚಾರ. ಉಪವಾಸದ ತಿಂಗಳು ಬೇಸಿಗೆಯಲ್ಲೇ ಬರುತ್ತದೆ, ಆ ಸೆಕೆಯಲ್ಲಿ ನಮ್ಮ ಹುಡುಗ ಹೇಗೆ ತಡೆದಾನು ಎಂದು ಎಷ್ಟೋ ಜನ ಬರೆಯುತ್ತಾರೆ. 2015ರಲ್ಲಿ ಅದು ಜೂನ್ 18ಕ್ಕೆ ಶುರುವಾಯಿತು; ಆಗ ಕೊಲ್ಲಿಯಲ್ಲಿ ನಸುಕಿನಿಂದ ಸೂರ್ಯಾಸ್ತಕ್ಕೆ ಸುಮಾರು 15 ಗಂಟೆ. 2024ರಲ್ಲಿ ಮಾರ್ಚ್‌ಗೆ ಬಂತು. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ, ಒಂದೇ ಇಸವಿಯಲ್ಲಿ ಎರಡು ಸಲ ರಂಜಾನ್ ತಿಂಗಳು ಆರಂಭವಾಗುತ್ತದೆ. ಚಳಿಗಾಲದ ಆ ಉಪವಾಸ ಸುಮಾರು 12 ಗಂಟೆಯದು.

ಯಾಕೆ ಹೀಗೆ? ಅಧಿಕಮಾಸ ಗೊತ್ತಿರುವ ಕನ್ನಡಿಗರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ನಮ್ಮ ಪಂಚಾಂಗದವರು ಈ ಕೊರತೆ ಬೆಳೆಯಲು ಬಿಡುವುದಿಲ್ಲ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿ ಋತುವಿನ ಜೊತೆ ಹೆಜ್ಜೆ ಕೂಡಿಸುತ್ತಾರೆ. ಅದಕ್ಕೇ ಯುಗಾದಿ ಎಂದೂ ಮಳೆಗಾಲಕ್ಕೆ ಜಾರುವುದಿಲ್ಲ. ಇಸ್ಲಾಮಿನ ಪಂಚಾಂಗದಲ್ಲಿ ಅಧಿಕಮಾಸ ಇಲ್ಲ, ಸೇರಿಸುವುದಕ್ಕೆ ನಿಷೇಧವಿದೆ. ಆದ್ದರಿಂದ ಪ್ರತಿ ತಿಂಗಳೂ ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮರುಭೂಮಿಯಲ್ಲಿ ಹುಟ್ಟಿ ಅಲ್ಲೇ ಮುದುಕನಾದವನು ಚಳಿಯ ಉಪವಾಸವನ್ನೂ ಕಂಡಿರುತ್ತಾನೆ, ಬೆಂಕಿಯಂಥ ಬಿಸಿಲಿನದನ್ನೂ ಕಂಡಿರುತ್ತಾನೆ.

ನಂಬಿಕೆ ಬಾರದಿದ್ದರೆ ಹಳೆಯ ಕ್ಯಾಲೆಂಡರುಗಳನ್ನು ತೆಗೆದು ನೋಡಬಹುದು. 2021, 2022, 2023, ಈ ಮೂರು ವರ್ಷವೂ ಯುಗಾದಿಯ ದಿನ ಅಥವಾ ಅದರ ಮರುದಿನ ಕೊಲ್ಲಿಯಲ್ಲಿ ರಂಜಾನ್ ತಿಂಗಳು ಶುರುವಾಯಿತು. ಎರಡೂ ಹುಟ್ಟುವುದು ಒಂದೇ ಅಮಾವಾಸ್ಯೆಯಿಂದ ತಾನೇ? 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂತು, ಅವರಿಗೆ ಬರಲಿಲ್ಲ. ಕೂಡಲೇ ಒಂದು ತಿಂಗಳ ವ್ಯತ್ಯಾಸ ಬಿತ್ತು. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, 10ಕ್ಕೆ ಸೌದಿಯಲ್ಲಿ ರಂಜಾನ್ ಹಬ್ಬ. ಈಗ ಯುಗಾದಿಯ ಜೊತೆಗಿದ್ದದ್ದು ಉಪವಾಸದ ಮೊದಲ ದಿನವಲ್ಲ, ಉಪವಾಸ ಮುಗಿದ ದಿನ. 2025ರಲ್ಲಂತೂ ಯುಗಾದಿ ಮತ್ತು ಸೌದಿಯ ಹಬ್ಬ ಎರಡೂ ಮಾರ್ಚ್ 30ಕ್ಕೇ ಬಂದವು. 2026ರಲ್ಲಿ ನಮ್ಮದು ಅಧಿಕ ಜ್ಯೇಷ್ಠ. ಅದರಿಂದಾಗಿ 2027ರ ಯುಗಾದಿಯ ಹೊತ್ತಿಗೆ ರಂಜಾನ್ ಹಬ್ಬ ಮುಗಿದು ಸುಮಾರು ಒಂದು ತಿಂಗಳಾಗಿರುತ್ತದೆ. ಚಂದ್ರ ಒಬ್ಬನೇ, ಅವನನ್ನು ಎಣಿಸುವ ಕ್ರಮ ಎರಡು. ನಾವು ತಿಂಗಳು ಸೇರಿಸುತ್ತೇವೆ, ಅವರು ಸೇರಿಸುವುದಿಲ್ಲ. ಇಷ್ಟೇ ವಿಷಯ.

ರಜೆಯ ಗೊಂದಲದ ಬೇರು ಇರುವುದೂ ಈ ಚಂದ್ರನಲ್ಲೇ. ನಮ್ಮ ಪಂಚಾಂಗ ಮುಂದಿನ ವರ್ಷದ ಪಾಡ್ಯವನ್ನು ಲೆಕ್ಕ ಹಾಕಿ ಇಂದೇ ಅಚ್ಚು ಮಾಡುತ್ತದೆ. ಅವರಲ್ಲಿ ಸಾಮಾನ್ಯವಾಗಿ ಇಪ್ಪತ್ತೊಂಬತ್ತನೆಯ ದಿನದ ಸಂಜೆ ಆಕಾಶ ನೋಡಬೇಕು. ಹೊಸ ಚಂದ್ರನ ಗೆರೆ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ನಾಳೆಯೂ ಉಪವಾಸ, ನಾಡಿದ್ದು ಹಬ್ಬ. ಅಮಾವಾಸ್ಯೆ ಕಳೆದ ಕೂಡಲೇ ಚಂದ್ರ ಕಾಣುವುದಿಲ್ಲ. ಅವನು ಸೂರ್ಯನಿಂದ ಸಾಕಷ್ಟು ದೂರ ಸರಿದಿರಬೇಕು, ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಬಾನಂಚಿನಲ್ಲಿ ಉಳಿಯಬೇಕು. ಪಶ್ಚಿಮಕ್ಕೆ ಹೋದಷ್ಟೂ ಸೂರ್ಯಾಸ್ತ ತಡ, ಅಷ್ಟರೊಳಗೆ ಚಂದ್ರ ಇನ್ನಷ್ಟು ಸರಿದಿರುತ್ತಾನೆ. ಮೆಕ್ಕಾದಲ್ಲಿ ಹಬ್ಬವಾದ ಮರುದಿನ ಬೆಂಗಳೂರಿನಲ್ಲಿ ಹಬ್ಬವಾಗುವುದಕ್ಕೆ ಇದು ಮುಖ್ಯ ಕಾರಣ.

ಯಾರ ಕಣ್ಣನ್ನು, ಯಾವ ಲೆಕ್ಕವನ್ನು ಒಪ್ಪಬೇಕೆಂಬುದು ಆಯಾ ದೇಶದ ತೀರ್ಮಾನ. ತುರ್ಕಿಯವರು ಖಗೋಳದ ಗಣಿತವನ್ನೇ ನಂಬುತ್ತಾರೆ. ಒಮಾನ್ ತನ್ನದೇ ಸಮಿತಿಯ ಮಾತಿಗೆ ಕಾಯುತ್ತದೆ. 2023ರಲ್ಲಿ ಸೌದಿಯ ಹಬ್ಬ ಏಪ್ರಿಲ್ 21ಕ್ಕೆ, ಒಮಾನಿನದು 22ಕ್ಕೆ. 2025ರಲ್ಲೂ ಹಾಗೆಯೇ ಒಂದು ದಿನ ಹಿಂದುಮುಂದಾಯಿತು. ಇದನ್ನು ಕಂಡು ‘ಅವರಲ್ಲೇ ಒಗ್ಗಟ್ಟಿಲ್ಲ’ ಎಂದು ಷರಾ ಬರೆಯುವವರನ್ನು ಕಂಡರೆ ಈ ಭಾಷಣಕಾರನಿಗೆ ಬೇಸರವಾಗುತ್ತದೆ. ಜಗಳದ ಮಾತೇ ಇಲ್ಲಿಲ್ಲ. ಕರ್ನಾಟಕದೊಳಗೇ 2024ರಲ್ಲಿ ದಕ್ಷಿಣ ಕನ್ನಡ, ಉಡುಪಿಯವರು ಕೇರಳದ ಚಂದ್ರದರ್ಶನವನ್ನು ಒಪ್ಪಿ ಏಪ್ರಿಲ್ 10ರಂದು ಹಬ್ಬ ಮಾಡಿದರು, ಬೆಂಗಳೂರಿನವರು 11ರಂದು. ಮಂಗಳೂರಿನ ಬ್ಯಾರಿ ಹುಡುಗ ಹಬ್ಬದ ಮರುದಿನ ಬೆಂಗಳೂರಿನ ಬಸ್ಸು ಹತ್ತಿದರೆ ಅಲ್ಲಿ ಇನ್ನೊಂದು ಹಬ್ಬದೂಟ ಕಾದಿರುತ್ತದೆ. ಏಕಾದಶಿಯನ್ನು ಸ್ಮಾರ್ತರು ಒಂದು ದಿನ, ವೈಷ್ಣವರು ಮರುದಿನ ಆಚರಿಸುವುದನ್ನು ಕಂಡ ಊರಿನವರಿಗೆ ಇದೇನು ಹೊಸದೇ?

ಆದ್ದರಿಂದ ಮೇಲಧಿಕಾರಿ ರಜೆಯ ತಾರೀಖು ಮೊದಲೇ ಹೇಳಲಿಲ್ಲವೆಂದರೆ ಅವನು ಮುಚ್ಚಿಡುತ್ತಿದ್ದಾನೆಂದು ತಿಳಿಯಬಾರದು. ಅವನಿಗೂ ಗೊತ್ತಿಲ್ಲ. ಹಬ್ಬದ ದಿನಕ್ಕೆ ಬದಲಾಯಿಸಲಾಗದ ಅಗ್ಗದ ಟಿಕೆಟ್ ಕೊಂಡು, ಒಂದು ದಿನದ ವ್ಯತ್ಯಾಸದಿಂದ ಹಣವನ್ನೂ ಊರಿನ ಮದುವೆಯನ್ನೂ ಕಳೆದುಕೊಂಡವರು ಹಲವರಿದ್ದಾರೆ. ಎರಡು ದಿನ ಬಿಟ್ಟು ಟಿಕೆಟ್ ಕೊಳ್ಳಬೇಕು. ಮತ್ತೊಮ್ಮೆ ಹೇಳಬೇಕಾದ ಮಾತಿದು: ಎರಡು ದಿನ ಬಿಟ್ಟು.

ಊಟದ ಪ್ರಶ್ನೆಗೆ ಉಳಿದಿರುವ ಸಮಯ ಸ್ವಲ್ಪ. ದುಬೈನಲ್ಲಿ 2021ರಿಂದ ಹೋಟೆಲುಗಳು ಹಗಲು ಪರದೆ ಕಟ್ಟಬೇಕಾಗಿಲ್ಲ. ಕುವೈತ್‌ನಲ್ಲಿ 1968ರ ಕಾಯಿದೆ ಇಂದಿಗೂ ಜೀವಂತ: ಉಪವಾಸದ ಹಗಲಲ್ಲಿ ಸಾರ್ವಜನಿಕವಾಗಿ ತಿಂದರೆ, ಕುಡಿದರೆ 100 ದಿನಾರ್‌ವರೆಗೆ ದಂಡ, ಒಂದು ತಿಂಗಳವರೆಗೆ ಸೆರೆ. ನರ್ಸ್ ಆಗಿ ಹೋಗುವ ಮಗಳು ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿ ತೆರೆಯದಿರಲಿ. ಮನೆಯೊಳಗೆ ಉಣ್ಣುವುದಕ್ಕೆ ಯಾರ ತಕರಾರೂ ಇಲ್ಲ. ಒಂದು ರಂಜಾನಿನಲ್ಲಿ ಈ ಭಾಷಣಕಾರ ಮಸ್ಕತ್‌ನ ಕಚೇರಿಯೊಂದರ ಒಳಕೋಣೆಯಲ್ಲಿ ಬುತ್ತಿ ಬಿಚ್ಚುವಾಗ ಬಾಗಿಲು ಎಳೆದು ಕೊಟ್ಟು ಹೋದವನು ಉಪವಾಸವಿದ್ದ ಒಮಾನಿ ಗುಮಾಸ್ತ. ಸಂಜೆ ಖರ್ಜೂರದ ತಟ್ಟೆ ಹಿಡಿದು ಕರೆದವನೂ ಅವನೇ.

ಕೆಲಸದ ಹೊತ್ತಿನಲ್ಲೂ ಕಾನೂನು ಬೇರೆಬೇರೆ. ಎಮಿರೇಟ್ಸ್‌ನ ಖಾಸಗಿ ಕಂಪನಿಗಳಲ್ಲಿ ಆ ತಿಂಗಳು ದಿನಕ್ಕೆ ಎರಡು ಗಂಟೆಯ ವಿನಾಯಿತಿ ಎಲ್ಲ ಧರ್ಮದವರಿಗೂ ಉಂಟು. ಸೌದಿ ಮತ್ತು ಒಮಾನಿನ ಕಾಯಿದೆ ಆರು ಗಂಟೆಯ ಮಿತಿ ಹಾಕಿರುವುದು ಮುಸ್ಲಿಂ ನೌಕರರಿಗೆ ಮಾತ್ರ. ಸೇರುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು.

ಪೆಟ್ಟಿಗೆ ಕಟ್ಟುವ ತಾಯಂದಿರಿಗೆ ಒಂದು ಮಾತು. ಗಸಗಸೆ ಬೇಡ. ಹುರಿದದ್ದೂ ಬೇಡ, ಸಾರಿನ ಪುಡಿಯಲ್ಲಿ ಬೆರೆಸಿದ್ದೂ ಬೇಡ. ಎಮಿರೇಟ್ಸ್ ಮತ್ತು ಸೌದಿಯಲ್ಲಿ ಅದು ಅಫೀಮಿನ ಗಿಡದ ಬೀಜವೆಂದು ನಿಷಿದ್ಧ, ಅದಕ್ಕಾಗಿ ಜೈಲು ಕಂಡವರಿದ್ದಾರೆ. ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧಿಗೆ ವೈದ್ಯರ ಚೀಟಿಯಷ್ಟೇ ಸಾಲದು. ಆಯಾ ದೇಶದ ಆರೋಗ್ಯ ಇಲಾಖೆಯ ಅನುಮತಿ ಬೇಕೇ ಎಂದು ಹೊರಡುವ ಮೊದಲೇ ವಿಚಾರಿಸಬೇಕು. ಉಪ್ಪಿನಕಾಯಿ ಹಾಕಿಕೊಡಿ, ಹಪ್ಪಳ ಹಾಕಿಕೊಡಿ, ಪಾಸ್‌ಪೋರ್ಟಿನ ಎರಡು ನಕಲು ತೆಗೆದು ಒಂದನ್ನು ಮನೆಯಲ್ಲಿಟ್ಟುಕೊಳ್ಳಿ.